ಸ್ಪ್ರಿಂಗ್ ಪ್ರಯೋಗ ಕೈಕೊಟ್ಟಾಗ: ಗ್ರಾಫ್ ನೋಡಿ ದೋಷ ಹಿಡಿಯುವ ಬಗೆ

ನೋಡಲು ಇದು ತೀರಾ ಸರಳ ಪ್ರಯೋಗ. ಸ್ಟ್ಯಾಂಡಿಗೆ ಸ್ಪ್ರಿಂಗ್ ನೇತುಹಾಕಿ, ಕೆಳಗೆ ಹ್ಯಾಂಗರ್ ಸಿಕ್ಕಿಸಿ, ತೂಕದ ಬಿಲ್ಲೆಗಳನ್ನು ಒಂದೊಂದಾಗಿ ಹಾಕುತ್ತಾ ಮುಳ್ಳು ಎಷ್ಟು ಇಳಿಯಿತು ಅಂತ ಸ್ಕೇಲಿನಲ್ಲಿ ಓದಬೇಕು. ಬಲವನ್ನು ಹಿಗ್ಗಿನಿಂದ ಭಾಗಿಸಿದರೆ ಸ್ಪ್ರಿಂಗ್ ಸ್ಥಿರಾಂಕ, ಅಂದರೆ 'ಕೆ', ಸಿಗುತ್ತದೆ. ಆಮೇಲೆ ಅದೇ ಸ್ಪ್ರಿಂಗನ್ನು ಮೇಲೆ ಕೆಳಗೆ ಆಡಿಸಿ, ಕಾಲ ಅಳೆದು, ಮತ್ತೊಮ್ಮೆ ಕೆ ಕಂಡುಹಿಡಿಯಬೇಕು. ಎರಡೂ ಒಂದೇ ಬರಬೇಕು. ಬರುವುದಿಲ್ಲ! ಆಗ ಏನು ಮಾಡುವುದು?

ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಎಲ್ಲ ಬಿಚ್ಚಿ ಮೊದಲಿನಿಂದ ಅಳೆಯುತ್ತಾರೆ. ದೋಷ ಇದ್ದಲ್ಲೇ ಇರುವುದರಿಂದ ಅದೇ ತಪ್ಪು ಉತ್ತರ ಇನ್ನೊಮ್ಮೆ ಬರುತ್ತದೆ. ಅದಕ್ಕಿಂತ ಹಿಗ್ಗನ್ನು ಅಡ್ಡ ಅಕ್ಷದಲ್ಲಿ, ಬಲವನ್ನು ನೆಟ್ಟಗಿನ ಅಕ್ಷದಲ್ಲಿ ಇಟ್ಟ ಗ್ರಾಫನ್ನು ಸರಿಯಾಗಿ ನೋಡುವುದು ಲೇಸು. ಗೆರೆ ಪಕ್ಕಕ್ಕೆ ಸರಿದಿದೆಯೋ, ಅದರ ಸ್ಲೋಪ್, ಅಂದರೆ ಓರೆ, ಬದಲಾಗಿದೆಯೋ, ಅಥವಾ ಗೆರೆಯೇ ಬಾಗಿದೆಯೋ? ಈ ಮೂರಕ್ಕೂ ಕಾರಣ ಬೇರೆ ಬೇರೆ. ಯಾವುದು ಅಂತ ತಿಳಿದರೆ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಉದ್ದಕ್ಕೂ ಒಂದೇ ಸ್ಪ್ರಿಂಗ್ ಇಟ್ಟುಕೊಳ್ಳೋಣ. ಉಕ್ಕಿನದು, ಸುತ್ತುಗಳ ನಡುವೆ ಕೂದಲೆಳೆಯಷ್ಟು ಸಂದು ಇದೆ. ತೂಕ 60 ಗ್ರಾಂ. ಪ್ರತಿ 50 ಗ್ರಾಂ ಬಿಲ್ಲೆಗೆ 2 ಸೆಂ.ಮೀ. ಹಿಗ್ಗುತ್ತದೆ. 50 ಗ್ರಾಂ ಅಂದರೆ 0.49 ನ್ಯೂಟನ್. ಅದನ್ನು 0.02 ಮೀಟರಿನಿಂದ ಭಾಗಿಸಿದರೆ ಕೆ 24.5 ನ್ಯೂಟನ್ ಪ್ರತಿ ಮೀಟರ್. ಇದು ಸರಿಯಾದ ಉತ್ತರ. ಇನ್ನು ಇದು ಹೇಗೆಲ್ಲ ಹಾಳಾಗುತ್ತದೆ ನೋಡೋಣ.

ಮೊದಲು ಬಂದಿರುವ ಸಂಖ್ಯೆ ಎಂಥದು ನೋಡಿ

ಉಪಕರಣ ಮುಟ್ಟುವ ಮೊದಲು ಇದನ್ನು ಮುಗಿಸಿಬಿಡಿ. ಯಾಕೆಂದರೆ ಬಹಳ ಸಲ ಸ್ಪ್ರಿಂಗಿನ ತಪ್ಪೇ ಇರುವುದಿಲ್ಲ.

ಉತ್ತರ 2.5 ಬಂದಿದೆಯಾ? ಗುರುತ್ವ ವೇಗೋತ್ಕರ್ಷದ 9.8 ಗುಣಿಸಲು ಬಿಟ್ಟುಹೋಗಿದೆ. ಕಿಲೋಗ್ರಾಮನ್ನು ನೇರವಾಗಿ ಮೀಟರಿನಿಂದ ಭಾಗಿಸಿದ್ದೀರಿ. 0.245 ಬಂದರೆ ಹಿಗ್ಗು ಸೆಂಟಿಮೀಟರಿನಲ್ಲೇ ಉಳಿದಿದೆ. 0.041 ಬಂದರೆ ಗ್ರಾಫಿನ ಅಕ್ಷಗಳು ಅದಲುಬದಲಾಗಿವೆ. ಅಡ್ಡ ಅಕ್ಷದಲ್ಲಿ ಬಲ, ನೆಟ್ಟಗಿನ ಅಕ್ಷದಲ್ಲಿ ಹಿಗ್ಗು ಇಟ್ಟರೆ ಸ್ಲೋಪ್ ಕೆ ಅಲ್ಲ, ಒಂದನ್ನು ಕೆ ಇಂದ ಭಾಗಿಸಿದ ಸಂಖ್ಯೆ. ಅದು ತಪ್ಪಲ್ಲ, ತಿರುಗಿಸಿದರೆ ಆಯಿತು. 24,500 ಬಂದರೆ ಹೆದರಬೇಡಿ, ಹಳೇ ಪದ್ಧತಿಯ ಡೈನ್ ಪ್ರತಿ ಸೆಂಟಿಮೀಟರಿನಲ್ಲಿ ಲೆಕ್ಕ ಮಾಡಿದ್ದೀರಿ. ಅದೂ ಸರಿಯೇ, ಸಾವಿರದಿಂದ ಭಾಗಿಸಿ.

ಶಕ್ತಿಯ ಲೆಕ್ಕದಲ್ಲಿ ಇದೇ ತಪ್ಪು ಇನ್ನೂ ಜೋರಾಗಿ ಹೊಡೆಯುತ್ತದೆ, ಯಾಕೆಂದರೆ ಅಲ್ಲಿ ಹಿಗ್ಗಿನ ವರ್ಗ ಬರುತ್ತದೆ. 8 ಸೆಂ.ಮೀ. ಹಿಗ್ಗಿದ ನಮ್ಮ ಸ್ಪ್ರಿಂಗಿನಲ್ಲಿ ಇರುವುದು 0.0784 ಜೂಲ್. ಮೀಟರಿಗೆ ಬದಲಾಯಿಸದೆ 8 ಅಂತಲೇ ಹಾಕಿದರೆ 784 ಜೂಲ್ ಬರುತ್ತದೆ. ಅಷ್ಟು ಶಕ್ತಿಯಲ್ಲಿ 50 ಕೆ.ಜಿ. ಸಿಮೆಂಟ್ ಮೂಟೆಯನ್ನು 1.6 ಮೀಟರ್ ಎತ್ತಬಹುದು. ಅಂಗೈಯಲ್ಲಿ ಕೂರುವ ಸ್ಪ್ರಿಂಗ್ ಆ ಕೆಲಸ ಮಾಡುತ್ತಾ? ಉತ್ತರ ಬಂದ ಕೂಡಲೇ ಇಂಥದೊಂದು ಪ್ರಶ್ನೆ ಕೇಳಿಕೊಂಡರೆ ಸಾಕು, ಯೂನಿಟ್ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ.

ಗುರುತ್ವದ ಮೇಲೆ ಮಾತ್ರ ತಪ್ಪು ಹೊರಿಸಬೇಡಿ. ಬೆಂಗಳೂರಿನಲ್ಲಿ ಅದು ಸುಮಾರು 9.78. 9.8 ಹಾಕಿದರೆ ಆಗುವ ವ್ಯತ್ಯಾಸ ಶೇಕಡಾ 0.2 ಮಾತ್ರ. ನಿಮ್ಮ ಸ್ಕೇಲಿನ ಒಂದು ಗೀಟಿನ ತಪ್ಪು ಅದಕ್ಕಿಂತ ದೊಡ್ಡದು. ಕೋಣೆಯ ಸೆಕೆಗೂ ಇದೇ ಮಾತು.

ಗೆರೆ ನೆಟ್ಟಗಿದೆ, ಆದರೆ ಮೂಲಬಿಂದುವಿಗೆ ಹೋಗುವುದಿಲ್ಲ

ಇದು ಎಲ್ಲರನ್ನೂ ಕಾಡುವ ದೋಷ. ಪುಸ್ತಕದಲ್ಲಿ ಗೆರೆ ಸೊನ್ನೆಯಿಂದ ಶುರುವಾಗುತ್ತದೆ, ನಮ್ಮದು ಎಲ್ಲಿಂದಲೋ ಶುರುವಾಗಿದೆ. ಕೆಲವರು ಸ್ಕೇಲನ್ನು ಒತ್ತಿ ಹಿಡಿದು ಗೆರೆಯನ್ನು ಬಲವಂತವಾಗಿ ಸೊನ್ನೆಗೆ ಎಳೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಲೋಪ್ ಹಾಳಾಗುವುದೇ ಆಗ.

ಎರಡು ಸಾಧ್ಯತೆ ಇದೆ. ಒಂದು, ಹ್ಯಾಂಗರ್ ಲೆಕ್ಕಕ್ಕೆ ಬಂದಿಲ್ಲ. ಹ್ಯಾಂಗರ್ ತಾನೇ 50 ಗ್ರಾಂ ಇರುತ್ತದೆ. ಸ್ಪ್ರಿಂಗ್ ಬರಿದಾಗಿದ್ದಾಗ ಸೊನ್ನೆ ಓದಿ, ಆಮೇಲೆ ಹ್ಯಾಂಗರ್ ಸಿಕ್ಕಿಸಿ, ಬಿಲ್ಲೆಗಳ ತೂಕ ಮಾತ್ರ ಬರೆದರೆ ಪ್ರತಿ ಹಿಗ್ಗಿನಲ್ಲೂ 2 ಸೆಂ.ಮೀ. ಜಾಸ್ತಿ ಇರುತ್ತದೆ. ಬಿಲ್ಲೆ ಇಲ್ಲದೆಯೇ ಹಿಗ್ಗು ಕಾಣುತ್ತದೆ. ಗೆರೆ ಹಿಗ್ಗಿನ ಅಕ್ಷವನ್ನು 2 ಸೆಂ.ಮೀ.ನಲ್ಲಿ ಕಡಿದರೆ ಕಳ್ಳ ಇವನೇ. ಸ್ಲೋಪ್ ಹಾಳಾಗಿಲ್ಲ, ಹಾಗಾಗಿ ಗ್ರಾಫಿನಿಂದ ಕೆ ಸರಿಯಾಗೇ ಸಿಗುತ್ತದೆ.

ಇನ್ನೊಂದು ಇದಕ್ಕೆ ಉಲ್ಟಾ. ಗೆರೆ ಬಲದ ಅಕ್ಷವನ್ನು ಕಡಿಯುತ್ತದೆ. ಅಂದರೆ ಬಲ ಹಾಕಿದರೂ ಮೊದಮೊದಲು ಹಿಗ್ಗೇ ಇಲ್ಲ. ಹ್ಯಾಂಗರ್ ಸಿಕ್ಕಿಸಿದರೂ ಸ್ಪ್ರಿಂಗ್ ಕದಲುವುದಿಲ್ಲ. ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಂತೆ ಇದ್ದರೆ ಉತ್ತರ ಸಿಕ್ಕಿತು. ಎಳೆಯುವ ಕೆಲಸಕ್ಕೆ ಮಾಡುವ ಇಂಥ ಬಿಗಿ ಸುತ್ತಿನ ಸ್ಪ್ರಿಂಗಿನಲ್ಲಿ, ತಂತಿ ಸುತ್ತುವಾಗಲೇ ಒಂದು ಒತ್ತಡ ಕೂಡಿಕೊಂಡಿರುತ್ತದೆ. ಸುತ್ತುಗಳು ಒಂದನ್ನೊಂದು ಅದುಮಿಕೊಂಡಿರುತ್ತವೆ. ಆ ಅದುಮುವ ಬಲವನ್ನು ಮೀರುವವರೆಗೆ ಸ್ಪ್ರಿಂಗ್ ಬಾಯಿ ಬಿಡುವುದಿಲ್ಲ. ಇದಕ್ಕೆ ಆರಂಭಿಕ ಬಿಗಿತ ಅನ್ನಬಹುದು.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ಲೆಕ್ಕ ಭಯಂಕರವಾಗಿ ತಪ್ಪುವುದು ಇಲ್ಲಿಯೇ. ಕೆ ಅದೇ 24.5 ಇರುವ, ಆದರೆ 80 ಗ್ರಾಂ ತೂಕದಷ್ಟು ಆರಂಭಿಕ ಬಿಗಿತ ಇರುವ ಸ್ಪ್ರಿಂಗ್ ತೆಗೆದುಕೊಳ್ಳಿ. ಹ್ಯಾಂಗರ್ ಸೇರಿ 100 ಗ್ರಾಂ ಹಾಕಿದಾಗ ಹಿಗ್ಗು 0.8 ಸೆಂ.ಮೀ. 150 ಗ್ರಾಂಗೆ 2.8, 200ಕ್ಕೆ 4.8, 250ಕ್ಕೆ 6.8. ರೆಕಾರ್ಡ್ ಪುಸ್ತಕದ ಟೇಬಲ್ಲಿನಲ್ಲಿ ಪ್ರತಿ ಸಾಲಿಗೂ ಬಲವನ್ನು ಹಿಗ್ಗಿನಿಂದ ಭಾಗಿಸಿ ಅಂತ ಇದ್ದರೆ, ಕ್ರಮವಾಗಿ 122.5, 52.5, 40.8, 36 ಬರುತ್ತದೆ. ಸರಾಸರಿ 63. ನಿಜವಾದ ಉತ್ತರದ ಎರಡೂವರೆ ಪಟ್ಟು! ಅಳತೆಯಲ್ಲಿ ಒಂದು ಮಿಲಿಮೀಟರ್ ಕೂಡ ತಪ್ಪಿಲ್ಲ, ಸ್ಪ್ರಿಂಗೂ ಸರಿಯಿದೆ, ಲೆಕ್ಕದ ದಾರಿ ಮಾತ್ರ ತಪ್ಪು.

ಆಟೋದಲ್ಲಿ ಮಿನಿಮಮ್ ಚಾರ್ಜ್ ಸೇರಿಸಿ ಕೊಟ್ಟ ಪೂರ್ತಿ ದುಡ್ಡನ್ನು ಹೋದ ದೂರದಿಂದ ಭಾಗಿಸಿದರೆ ಕಿಲೋಮೀಟರಿನ ರೇಟ್ ಸಿಗುವುದಿಲ್ಲ ಅಲ್ವಾ? ಇಲ್ಲೂ ಹಾಗೇ. ಭಾಗಿಸಬೇಕಾದ್ದು ಹೆಚ್ಚಿದ ಬಲವನ್ನು, ಹೆಚ್ಚಿದ ಹಿಗ್ಗಿನಿಂದ. 100ರಿಂದ 250 ಗ್ರಾಂಗೆ ಹೋದಾಗ ಬಲ 1.47 ನ್ಯೂಟನ್ ಏರಿತು, ಹಿಗ್ಗು 6 ಸೆಂ.ಮೀ. ಏರಿತು. ಭಾಗಿಸಿ ನೋಡಿ, 24.5.

ಸಾಲು ಸಾಲಾಗಿ ಕೆ ಕಂಡುಹಿಡಿದು ಸರಾಸರಿ ತೆಗೆಯುವ ಟೇಬಲ್ ನನಗೆ ಒಂಚೂರೂ ಇಷ್ಟವಿಲ್ಲ. ಗೆರೆ ಸೊನ್ನೆಯಿಂದ ಹೊರಡುತ್ತದೆ ಅಂತ ಅದು ಮೊದಲೇ ನಂಬಿಬಿಟ್ಟಿರುತ್ತದೆ. ಸಾಲಿನಿಂದ ಸಾಲಿಗೆ ಕೆ ಒಂದೇ ದಿಕ್ಕಿನಲ್ಲಿ ಏರುತ್ತಲೋ ಇಳಿಯುತ್ತಲೋ ಹೋಗುತ್ತಿದ್ದರೆ ಸರಾಸರಿ ತೆಗೆಯುವ ಹಕ್ಕು ನಮಗಿಲ್ಲ. ಮೇಲಿನ ಪಟ್ಟಿಯಲ್ಲಿ ಅದು ಇಳಿಯುತ್ತಾ ಬಂತು, ಅಂದರೆ ಆರಂಭಿಕ ಬಿಗಿತ. ಹ್ಯಾಂಗರ್ ಮರೆತಿದ್ದರೆ ಏರುತ್ತಾ ಹೋಗುತ್ತಿತ್ತು.

ಸ್ಪ್ರಿಂಗಿನ ಸ್ವಂತ ತೂಕದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನೇತುಹಾಕಿದ ಕೂಡಲೇ ಸ್ಪ್ರಿಂಗ್ ತನ್ನ ತೂಕಕ್ಕೇ ಸ್ವಲ್ಪ ಹಿಗ್ಗುತ್ತದೆ. ಮೇಲಿನ ಸುತ್ತುಗಳು ಕೆಳಗಿನ ಎಲ್ಲವನ್ನೂ ಹೊರಬೇಕು, ಕೆಳಗಿನವು ಏನೂ ಹೊರುವುದಿಲ್ಲ. ಹಾಗಾಗಿ ಮೇಲೆ ಸಂದು ದೊಡ್ಡದು, ಕೆಳಗೆ ಚಿಕ್ಕದು. ಲೆಕ್ಕದಲ್ಲಿ ಇದು ತನ್ನ ತೂಕದ ಅರ್ಧವನ್ನು ತುದಿಗೆ ಕಟ್ಟಿದ ಹಾಗೆ. ನಮ್ಮ 60 ಗ್ರಾಂ ಸ್ಪ್ರಿಂಗ್ 1.2 ಸೆಂ.ಮೀ. ಹಿಗ್ಗಿರುತ್ತದೆ. ಸ್ಪ್ರಿಂಗನ್ನು ಟೇಬಲ್ ಮೇಲೆ ಮಲಗಿಸಿ ಉದ್ದ ಅಳೆದು ಅದನ್ನೇ ಸೊನ್ನೆ ಅಂದುಕೊಂಡರೆ ಈ 1.2 ಸೆಂ.ಮೀ. ಗೆರೆಯನ್ನು ಪಕ್ಕಕ್ಕೆ ತಳ್ಳುತ್ತದೆ. ನೇತುಹಾಕಿದ ಮೇಲೆ ಸೊನ್ನೆ ಓದಿದರೆ ಈ ತಂಟೆ ಇಲ್ಲ.

ಗೆರೆ ಮೇಲೆ ಹೋಗುತ್ತಾ ಬಾಗುತ್ತದೆ

ಮೊದಲ ಐದಾರು ಚುಕ್ಕೆ ಒಂದೇ ಗೆರೆಯಲ್ಲಿವೆ. ಆಮೇಲೆ ಅದೇ 50 ಗ್ರಾಂಗೆ 2 ಸೆಂ.ಮೀ. ಬದಲು ಎರಡೂವರೆ, ಮೂರು ಹಿಗ್ಗುತ್ತಿದೆ. ತಕ್ಷಣ ನಿಲ್ಲಿಸಿ. ಸ್ಪ್ರಿಂಗ್ ಸ್ಥಿತಿಸ್ಥಾಪಕ ಮಿತಿಯನ್ನು, ಅಂದರೆ ಬಿಟ್ಟ ಮೇಲೆ ಮೊದಲಿನ ಉದ್ದಕ್ಕೆ ಮರಳಬಲ್ಲ ಮಿತಿಯನ್ನು, ದಾಟುತ್ತಿದೆ. ಬಿಲ್ಲೆ ತೆಗೆದು ಮುಳ್ಳು ಮೊದಲಿನ ಸೊನ್ನೆಗೆ ಬರುತ್ತದಾ ನೋಡಿ. ಬರದಿದ್ದರೆ ತಂತಿ ಶಾಶ್ವತವಾಗಿ ತಿರುಚಿಕೊಂಡಿದೆ.

ತಿರುಚಿಕೊಂಡಿದೆ ಅಂದೆ, ಎಳೆದುಕೊಂಡಿದೆ ಅನ್ನಲಿಲ್ಲ. ಸುರುಳಿ ಸ್ಪ್ರಿಂಗ್ ಉದ್ದವಾದಾಗ ಅದರ ತಂತಿ ಉದ್ದವಾಗುವುದಿಲ್ಲ, ತಿರುಚಿಕೊಳ್ಳುತ್ತದೆ. ಪ್ರತಿ ಸುತ್ತಿನಲ್ಲೂ ಒಂದಿಷ್ಟು ತಿರುಚು ಕೂಡಿ ಒಟ್ಟಾರೆ ಹಿಗ್ಗಾಗಿ ಕಾಣುತ್ತದೆ. ಶಕ್ತಿ ಕೂಡಿಡುವುದೂ ಆ ತಿರುಚಿನಲ್ಲೇ. ಮಿತಿ ದಾಟಿದ ಸ್ಪ್ರಿಂಗ್ ಕಸದ ಬುಟ್ಟಿಗೇ ಹೋಗಬೇಕು ಅಂತಿಲ್ಲ ಅನ್ನುವುದು ಇದರಿಂದಲೇ ತಿಳಿಯುತ್ತದೆ. ತಂತಿಯ ದಪ್ಪ, ಸುತ್ತಿನ ವ್ಯಾಸ, ಸುತ್ತುಗಳ ಸಂಖ್ಯೆ ಹೆಚ್ಚುಕಡಿಮೆ ಅವೇ ಇರುತ್ತವಲ್ಲ, ಹಾಗಾಗಿ ಕೆ ಕೂಡ ಹೆಚ್ಚುಕಡಿಮೆ ಅದೇ. ಬದಲಾದದ್ದು ಸೊನ್ನೆ ಮಾತ್ರ. ಹೊಸ ಸೊನ್ನೆ ಓದಿ, ಕಡಿಮೆ ತೂಕದಲ್ಲಿ ಪ್ರಯೋಗ ಮುಂದುವರಿಸಬಹುದು. ಸುತ್ತುಗಳು ನೆಟ್ಟಗಾಗುವಷ್ಟು ಎಳೆದಿದ್ದರೆ ಮಾತ್ರ ಎಸೆಯಿರಿ.

ಬಾಗು ಕೆಳತುದಿಯಲ್ಲಿದ್ದರೆ ಅದು ಬೇರೆಯೇ ಕಥೆ. ಕೆಲವು ಸುತ್ತು ಬಿಗಿಯಾಗಿ, ಕೆಲವು ಸಡಿಲವಾಗಿ ಇದ್ದರೆ ಎಲ್ಲವೂ ಒಟ್ಟಿಗೆ ಬಾಯಿ ಬಿಡುವುದಿಲ್ಲ. ಸಡಿಲ ಸುತ್ತು ಮೊದಲು, ಬಿಗಿ ಸುತ್ತು ಆಮೇಲೆ. ಆ ಭಾಗದ ಚುಕ್ಕೆಗಳನ್ನು ಬಿಟ್ಟು ಮೇಲಿನ ನೇರ ಭಾಗದಿಂದ ಸ್ಲೋಪ್ ತೆಗೆಯಿರಿ.

ಹೇರುವಾಗ ಒಂದು, ಇಳಿಸುವಾಗ ಒಂದು

ತೂಕ ಹೇರುವಾಗಿನ ಓದಿಗೂ ಇಳಿಸುವಾಗಿನ ಓದಿಗೂ ವ್ಯತ್ಯಾಸ ಬಂದರೆ ಮುಳ್ಳನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಸರಿದುಕೊಂಡರೆ ಅದು ಸ್ಕೇಲಿಗೆ ಉಜ್ಜುತ್ತಿದೆ, ಅಷ್ಟೇ. ಸ್ಕೇಲನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಸಿ. ತಟ್ಟಿದರೂ ಕದಲದೆ, ಸೊನ್ನೆಯೂ ಹಿಂದಿನದಕ್ಕೆ ಬರದಿದ್ದರೆ ಮೇಲೆ ಹೇಳಿದ ಮಿತಿ ದಾಟಿದ ದೋಷ. ಸ್ಪ್ರಿಂಗ್ ಬದಲು ರಬ್ಬರ್ ಬ್ಯಾಂಡ್ ಹಾಕಿದ್ದರೆ ವ್ಯತ್ಯಾಸ ಬಂದೇ ಬರುತ್ತದೆ. ರಬ್ಬರ್ ಕೊಟ್ಟ ಶಕ್ತಿಯನ್ನೆಲ್ಲ ಹಿಂದಿರುಗಿಸುವುದಿಲ್ಲ, ಒಂದಿಷ್ಟನ್ನು ಶಾಖ ಮಾಡಿಕೊಳ್ಳುತ್ತದೆ. ಅದನ್ನು ದೋಷ ಅನ್ನಬಾರದು.

ಇಳಿಸುವಾಗಿನ ಕಾಲಮ್ಮನ್ನು ಅಳೆಯದೆ, ಪಕ್ಕದ ಕಾಲಮ್ ನೋಡಿ ಸುಮ್ನೆ ತುಂಬಿಸುವವರೂ ಇದ್ದಾರೆ. ಎಲ್ಲ ಓದೂ ಒಂದು ಮಿಲಿಮೀಟರ್ ಕೂಡ ಹೆಚ್ಚುಕಡಿಮೆ ಇಲ್ಲದೆ ಹೊಂದಿದರೆ ಪರೀಕ್ಷಕರಿಗೆ ಗೊತ್ತಾಗದೆ ಇರುತ್ತದಾ?

ಎಲ್ಲ ಸರಿ ಇದೆ, ಸ್ಲೋಪ್ ಮಾತ್ರ ಕಡಿಮೆ

ಗೆರೆ ನೇರ, ಮೂಲಬಿಂದುವಿಗೇ ಹೋಗುತ್ತದೆ, ಆದರೆ ಕೆ 24.5ರ ಬದಲು 23.3. ಆಗ ಸ್ಪ್ರಿಂಗನ್ನು ಬಿಟ್ಟು ಅದರ ಮೇಲೆ ನೋಡಿ. ಕ್ಲಾಂಪಿನ ತಿರುಪು ಸಡಿಲವಾಗಿದ್ದರೆ, ಇಲ್ಲವೇ ಅಡ್ಡ ಕಂಬಿ ತೆಳ್ಳಗಿದ್ದು ಉದ್ದಕ್ಕೆ ಚಾಚಿದ್ದರೆ, ಪ್ರತಿ ಬಿಲ್ಲೆಗೂ ಅದೂ ಒಂದಿಷ್ಟು ಬಾಗುತ್ತದೆ. 50 ಗ್ರಾಂಗೆ ಒಂದು ಮಿಲಿಮೀಟರ್ ಬಾಗಿದರೂ ಸಾಕು, ಹಿಗ್ಗು 2.1 ಸೆಂ.ಮೀ. ಅಂತ ಕಾಣುತ್ತದೆ. ಬಾಗುವ ಕಂಬಿ ಅಂದರೆ ಸ್ಪ್ರಿಂಗಿಗೆ ಸರಣಿಯಲ್ಲಿ ಕಟ್ಟಿದ ಇನ್ನೊಂದು ಸ್ಪ್ರಿಂಗೇ ತಾನೆ. ಸ್ಪ್ರಿಂಗಿನ ಮೇಲ್ತುದಿಗೂ ಒಂದು ಮುಳ್ಳು ಕಟ್ಟಿ, ಎರಡೂ ಓದಿ, ಕಳೆಯಿರಿ. ತಪ್ಪು ಹೋಗುತ್ತದೆ.

ಚುಕ್ಕೆಗಳು ಗೆರೆಯ ಎರಡೂ ಕಡೆ ಚೆಲ್ಲಾಪಿಲ್ಲಿ ಆಗಿದ್ದರೆ ಅದು ಕಣ್ಣಿನ ತಪ್ಪು. ಮುಳ್ಳಿನ ಹಿಂದೆ ಒಂದು ಕನ್ನಡಿ ಚೂರು ಅಂಟಿಸಿ. ಮುಳ್ಳೂ ಅದರ ಪ್ರತಿಬಿಂಬವೂ ಒಂದಾಗಿ ಕಂಡಾಗ ಓದಿ.

ಆಡಿಸಿ ತೆಗೆದ ಕೆ ಹೊಂದುವುದಿಲ್ಲ

ಈಗ ಎರಡನೇ ಭಾಗ. ತೂಕವನ್ನು ಸ್ವಲ್ಪ ಎಳೆದು ಬಿಟ್ಟರೆ ಮೇಲೆ ಕೆಳಗೆ ಆಡುತ್ತದೆ. ಒಂದು ಸಲ ಹೋಗಿ ಬರಲು ಬೇಕಾದ ಕಾಲದ ಸೂತ್ರ ಎಲ್ಲರಿಗೂ ಬಾಯಿಪಾಠ: ರಾಶಿಯನ್ನು ಕೆ ಇಂದ ಭಾಗಿಸಿ, ವರ್ಗಮೂಲ ತೆಗೆದು, 2 ಪೈಯಿಂದ ಗುಣಿಸಿ. ನಮ್ಮ ಸ್ಪ್ರಿಂಗಿಗೆ ಹ್ಯಾಂಗರ್ ಸೇರಿ 200 ಗ್ರಾಂ ಕಟ್ಟಿದರೆ ಸೂತ್ರ 0.568 ಸೆಕೆಂಡ್ ಅನ್ನುತ್ತದೆ. ಗಡಿಯಾರ 0.595 ಅನ್ನುತ್ತದೆ. ಆ 0.595 ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ ಕೆ 22.3. ಮೊದಲ ಭಾಗದಲ್ಲಿ ಸಿಕ್ಕಿದ್ದಕ್ಕಿಂತ ಶೇಕಡಾ 9ರಷ್ಟು ಕಡಿಮೆ.

ಇಲ್ಲಿ ಗಡಿಯಾರ ಸರಿ, ಸೂತ್ರ ಅರ್ಧಂಬರ್ಧ. ತೂಕದ ಜೊತೆ ಸ್ಪ್ರಿಂಗೂ ಆಡುತ್ತಿದೆ. ಅದಕ್ಕೂ 60 ಗ್ರಾಂ ರಾಶಿ ಇದೆ. ಆದರೆ ಪೂರ್ತಿ 60 ಸೇರಿಸುವ ಹಾಗಿಲ್ಲ. ಸ್ಪ್ರಿಂಗಿನ ಕೆಳತುದಿ ತೂಕದಷ್ಟೇ ವೇಗವಾಗಿ ಓಡುತ್ತದೆ, ಮೇಲ್ತುದಿ ನಿಂತೇ ಇರುತ್ತದೆ, ನಟ್ಟನಡುವಿನ ಸುತ್ತು ಅರ್ಧ ವೇಗದಲ್ಲಿ. ಚಲನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಬರುವುದರಿಂದ ನಡುವಿನ ಸುತ್ತಿನ ಪಾಲು ಕಾಲು ಮಾತ್ರ. ಹೀಗೆ ಮೇಲಿಂದ ಕೆಳಗಿನವರೆಗೆ ಕೂಡಿಸುತ್ತಾ ಹೋದರೆ ಒಟ್ಟು ಮೂರರಲ್ಲಿ ಒಂದು ಭಾಗ ಆಗುತ್ತದೆ. ಅಂದರೆ 20 ಗ್ರಾಂ. 200ರ ಜಾಗದಲ್ಲಿ 220 ಹಾಕಿ ನೋಡಿ, 24.5 ಬರುತ್ತದೆ.

ನೇತಾಡುತ್ತಾ ಸುಮ್ಮನೆ ನಿಂತಾಗ ಅರ್ಧ, ಆಡುವಾಗ ಮೂರನೇ ಒಂದು. ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದು ತುಂಬಾ ಸುಲಭ. ಮೊದಲನೆಯದು ಬಲದ ಲೆಕ್ಕ, ಎರಡನೆಯದು ಚಲನ ಶಕ್ತಿಯ ಲೆಕ್ಕ ಅಂತ ನೆನಪಿಟ್ಟುಕೊಂಡರೆ ಗೊಂದಲ ಇಲ್ಲ.

ಈ ದೋಷಕ್ಕೂ ಒಂದು ಗುರುತು ಇದೆ. ಸ್ಪ್ರಿಂಗಿನ ರಾಶಿ ಬಿಟ್ಟು ಲೆಕ್ಕ ಮಾಡಿದಾಗ 100 ಗ್ರಾಂಗೆ ಕೆ 20.4, 200 ಗ್ರಾಂಗೆ 22.3, 300 ಗ್ರಾಂಗೆ 23.0. ತೂಕ ಹೆಚ್ಚಿದ ಹಾಗೆ ನಿಜವಾದ ಉತ್ತರದ ಹತ್ತಿರಕ್ಕೆ ಏರುತ್ತಿದೆ. ಕಾಲದ ವರ್ಗ ಒಂದು ಅಕ್ಷದಲ್ಲಿ, ರಾಶಿ ಇನ್ನೊಂದರಲ್ಲಿ ಇಟ್ಟು ಗ್ರಾಫ್ ಹಾಕಿ. ಗೆರೆ ನೇರವಾಗಿಯೇ ಬರುತ್ತದೆ, ಆದರೆ ರಾಶಿಯ ಅಕ್ಷವನ್ನು ಸೊನ್ನೆಯಿಂದ 20 ಗ್ರಾಂ ಹಿಂದೆ ಕಡಿಯುತ್ತದೆ. ಆ 20 ಗ್ರಾಂ ಸ್ಪ್ರಿಂಗಿನ ಮೂರನೇ ಒಂದು ಭಾಗ. 70 ಗ್ರಾಂ ಹಿಂದೆ ಕಡಿದರೆ ಹ್ಯಾಂಗರಿನ 50 ಗ್ರಾಂ ಕೂಡ ಮರೆತಿದ್ದೀರಿ. ಎರಡರಲ್ಲೂ ಸ್ಲೋಪ್ ಪ್ರತಿ ಕಿಲೋಗ್ರಾಮಿಗೆ 1.61 ಸೆಕೆಂಡ್ ವರ್ಗವೇ ಇರುತ್ತದೆ. 4 ಪೈ ವರ್ಗವನ್ನು, ಅಂದರೆ 39.5 ಅನ್ನು, ಅದರಿಂದ ಭಾಗಿಸಿದರೆ ಸರಿಯಾದ ಕೆ ಸಿಗುತ್ತದೆ.

ಕಡಿಯುವ ಜಾಗ ಸರಿಯಾಗಿ 20 ಗ್ರಾಂನಲ್ಲೇ ಇದೆ, ಸ್ಲೋಪ್ ಮಾತ್ರ ತಪ್ಪು, ಕೆ 27 ಬರುತ್ತಿದೆ ಅಂದರೆ? ಎಣಿಕೆ ತಪ್ಪಿದೆ. ಸ್ಟಾಪ್‌ವಾಚ್ ಒತ್ತುವಾಗ "ಒಂದು" ಅಂತ ಶುರು ಮಾಡಿದರೆ 20 ಅನ್ನುವ ಹೊತ್ತಿಗೆ ಆಗಿರುವುದು 19 ಆಂದೋಲನ ಮಾತ್ರ. ಕಾಲ ಶೇಕಡಾ 5 ಕಡಿಮೆ, ಕೆ ಶೇಕಡಾ 11 ಜಾಸ್ತಿ. ಈ ತಪ್ಪು ಎಲ್ಲ ತೂಕಕ್ಕೂ ಒಂದೇ ಪ್ರಮಾಣದಲ್ಲಿ ಆಗುವುದರಿಂದ ಗೆರೆ ನೇರವಾಗೇ ಉಳಿಯುತ್ತದೆ, ನೋಡಿದರೆ ಅನುಮಾನ ಬರುವುದಿಲ್ಲ. ಒತ್ತುವಾಗ ಜೋರಾಗಿ "ಸೊನ್ನೆ" ಅನ್ನಿ. ಇನ್ನೊಂದು ವಿಷಯ, ತುದಿಯಲ್ಲಿ ಒತ್ತಬೇಡಿ. ತುದಿಯಲ್ಲಿ ತೂಕ ನಿಂತು ತಿರುಗುತ್ತದೆ, ಯಾವ ಕ್ಷಣ ಅಂತ ಕಣ್ಣಿಗೆ ತಿಳಿಯುವುದಿಲ್ಲ. ನಡುವೆ ಒಂದು ಗುರುತು ಮಾಡಿ, ಅದನ್ನು ಕೆಳಮುಖವಾಗಿ ದಾಟುವಾಗ ಒತ್ತಿ. ಅಲ್ಲಿ ವೇಗ ಅತಿ ಹೆಚ್ಚು, ಹಾಗಾಗಿ ಗೊಂದಲ ಅತಿ ಕಡಿಮೆ.

ಎಳೆಯುವ ದೂರ ಬದಲಾಯಿಸಿದಾಗ ಕಾಲವೂ ಬದಲಾಗುತ್ತಿದ್ದರೆ ಕಿವಿಗೊಟ್ಟು ಕೇಳಿ. ಮೇಲಕ್ಕೆ ಹೋದಾಗ ಟಕ್ ಟಕ್ ಸದ್ದು ಬರುತ್ತಿದೆಯಾ? ಸುತ್ತುಗಳು ಮುಚ್ಚಿಕೊಂಡು ಒಂದಕ್ಕೊಂದು ಬಡಿಯುತ್ತಿವೆ. ಆ ಕ್ಷಣದಲ್ಲಿ ಅದು ಸ್ಪ್ರಿಂಗೇ ಅಲ್ಲ, ಗಟ್ಟಿ ಕೊಳವೆ. ಕಡಿಮೆ ಎಳೆದು ಬಿಡಿ, ಇಲ್ಲವೇ ಇನ್ನೊಂದು ಬಿಲ್ಲೆ ಹಾಕಿ. ಆಟ ನಿಧಾನವಾಗಿ ಕುಗ್ಗುತ್ತಾ ಬರುವುದು ಮಾತ್ರ ದೋಷವಲ್ಲ. ಗಾಳಿ ಮತ್ತು ತಂತಿಯೊಳಗಿನ ಘರ್ಷಣೆ ಶಕ್ತಿ ತಿನ್ನುತ್ತವೆ, ಆದರೆ ಕಾಲ ಲೆಕ್ಕಕ್ಕೆ ಸಿಗುವಷ್ಟು ಬದಲಾಗುವುದಿಲ್ಲ.

ಮೇಲೆ ಕೆಳಗೆ ಆಡುತ್ತಿದ್ದದ್ದು ಪಕ್ಕಕ್ಕೆ ತೂಗತೊಡಗಿತು

ಸರಿಯಾಗಿ ನೆಟ್ಟಗೆ ಎಳೆದೇ ಬಿಟ್ಟಿರುತ್ತೀರಿ. ಸ್ವಲ್ಪ ಹೊತ್ತಿಗೆ ತೂಕ ಲೋಲಕದ ಹಾಗೆ ಪಕ್ಕಕ್ಕೆ ತೂಗುತ್ತದೆ, ಮೇಲೆ ಕೆಳಗಿನ ಆಟ ನಿಂತೇಹೋಗುತ್ತದೆ. ಇನ್ನಷ್ಟು ಹೊತ್ತಿಗೆ ಮತ್ತೆ ಮೇಲೆ ಕೆಳಗೆ! ಕೈ ನಡುಗಿತು ಅಂತ ಮತ್ತೆ ಮತ್ತೆ ಬಿಟ್ಟು ನೋಡಿದರೂ ಹೋಗುವುದಿಲ್ಲ.

ಕಾರಣ ಕೈ ಅಲ್ಲ, ತೂಕದ ಆಯ್ಕೆ. ಲೋಲಕವಾಗಿ ಒಂದು ಸಲ ತೂಗುವ ಕಾಲದಲ್ಲಿ ಸ್ಪ್ರಿಂಗಾಗಿ ಸರಿಯಾಗಿ ಎರಡು ಸಲ ಆಡುವಂತಿದ್ದರೆ ಶಕ್ತಿ ಒಂದು ಆಟದಿಂದ ಇನ್ನೊಂದಕ್ಕೆ ಹರಿಯುತ್ತದೆ. ಲೆಕ್ಕ ಬಿಡಿಸಿದರೆ ಷರತ್ತು ಚೊಕ್ಕವಾಗಿದೆ. ತೂಕದಿಂದ ಆದ ಹಿಗ್ಗು, ಕೊಕ್ಕೆಯಿಂದ ತೂಕದವರೆಗಿನ ಒಟ್ಟು ಉದ್ದದ ಕಾಲು ಭಾಗ ಆಗಿರಬಾರದು. ಆಗಿದ್ದರೆ ಒಂದು ಬಿಲ್ಲೆ ಹಾಕಿ ಅಥವಾ ತೆಗೆಯಿರಿ. ಅಷ್ಟಕ್ಕೇ ರೋಗ ವಾಸಿ.

ತೂಕ ತನ್ನಷ್ಟಕ್ಕೆ ಗಿರ್ರನೆ ತಿರುಗಲು ಶುರು ಮಾಡಿದರೆ ಅದೂ ಇದೇ ಜಾತಿಯದು. ಸ್ಪ್ರಿಂಗ್ ಹಿಗ್ಗುವಾಗ ಅದರ ತುದಿ ಒಂದಿಷ್ಟು ತಿರುಗುತ್ತದೆ. ಎರಡು ಆಟದ ಕಾಲ ಒಂದೇ ಆದರೆ ಶಕ್ತಿ ಅಲ್ಲಿಗೂ ಹೋಗುತ್ತದೆ. ಬ್ರಿಟಿಷ್ ಭೌತವಿಜ್ಞಾನಿ ಲಯನೆಲ್ ವಿಲ್ಬರ್‌ಫೋರ್ಸ್ 19ನೇ ಶತಮಾನದ ಕೊನೆಯಲ್ಲಿ ಇದನ್ನೇ ಬೇಕೆಂದು ಮಾಡಿ ತೋರಿಸುವ ಲೋಲಕ ಕಟ್ಟಿದರು, ಇವತ್ತಿಗೂ ಅದು ಅವರ ಹೆಸರಲ್ಲೇ ಇದೆ. ಬಿಡುವಿದ್ದರೆ ನೋಡುತ್ತಾ ಕೂರಲು ಬಲು ಚೆಂದ. ಕಾಲ ಅಳೆಯುವುದಿದ್ದರೆ ಮಾತ್ರ ತೂಕ ಬದಲಾಯಿಸಿ.

ಅರ್ಧ ಶಕ್ತಿ ಕಾಣೆಯಾಗಿದೆ

ಉಪಕರಣದಲ್ಲಿ ಯಾವ ದೋಷವೂ ಇಲ್ಲದೆ, ಲೆಕ್ಕ ಮಾತ್ರ ಕೈಕೊಡುವ ಜಾಗ ಇದು. 200 ಗ್ರಾಂ ತೂಕ 8 ಸೆಂ.ಮೀ. ಇಳಿಯಿತು. ಗುರುತ್ವ ಮಾಡಿದ ಕೆಲಸ 1.96 ನ್ಯೂಟನ್ ಗುಣಿಸು 0.08 ಮೀಟರ್, ಅಂದರೆ 0.1568 ಜೂಲ್. ಸ್ಪ್ರಿಂಗಿನಲ್ಲಿ ಕೂಡಿರುವುದು ಅರ್ಧ ಗುಣಿಸು ಕೆ ಗುಣಿಸು ಹಿಗ್ಗಿನ ವರ್ಗ, 0.0784 ಜೂಲ್. ಸರಿಯಾಗಿ ಅರ್ಧ! ಶಕ್ತಿ ನಾಶವಾಗುವುದಿಲ್ಲ ಅಂತ ಕಲಿತವರಿಗೆ ಇದು ತಲೆ ಕೆಡಿಸದೆ ಇರುವುದಿಲ್ಲ. ಉಳಿದ ಅರ್ಧ ಶಾಖವಾಯಿತು ಅಂತ ಬರೆದು ಮುಗಿಸುವವರು ಬಹಳ. ಪ್ರತಿ ಸಲವೂ ಅಷ್ಟು ಕರಾರುವಾಕ್ಕಾಗಿ ಅರ್ಧವೇ ಯಾಕೆ ಶಾಖವಾಗಬೇಕು ಅಂತ ಯಾರೂ ಕೇಳುವುದಿಲ್ಲ.

ನೀವು ತೂಕವನ್ನು ಹೇಗೆ ಇಳಿಸಿದಿರಿ ನೆನಪು ಮಾಡಿಕೊಳ್ಳಿ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದಿರಿ. ಶುರುವಿನಲ್ಲಿ ಸ್ಪ್ರಿಂಗ್ ಏನೂ ಎಳೆಯುತ್ತಿರಲಿಲ್ಲ, ಪೂರ್ತಿ 1.96 ನ್ಯೂಟನ್ ನಿಮ್ಮ ಕೈ ಮೇಲಿತ್ತು. ಕೊನೆಗೆ ಕೈ ಮೇಲೆ ಸೊನ್ನೆ. ಸರಾಸರಿ 0.98 ನ್ಯೂಟನ್, 8 ಸೆಂ.ಮೀ. ದೂರಕ್ಕೆ. ಗುಣಿಸಿದರೆ 0.0784 ಜೂಲ್. ಕಳೆದುಹೋದದ್ದು ನಿಮ್ಮ ಕೈಯಲ್ಲೇ ಸಿಕ್ಕಿತು.

ಪರೀಕ್ಷೆ ಮಾಡಬೇಕಾ? ಸ್ಪ್ರಿಂಗ್ ಹಿಗ್ಗದ ಸ್ಥಿತಿಯಲ್ಲಿ ತೂಕವನ್ನು ಹಿಡಿದು ತಟ್ಟನೆ ಕೈ ಬಿಡಿ. ಅದು 8 ಸೆಂ.ಮೀ.ನಲ್ಲಿ ನಿಲ್ಲುವುದಿಲ್ಲ, 16ರ ಹತ್ತಿರ ಹೋಗಿ ತಿರುಗುತ್ತದೆ. ಅಲ್ಲಿ ಲೆಕ್ಕ ನೋಡಿ: ಗುರುತ್ವ ಕೊಟ್ಟದ್ದು 0.3136, ಸ್ಪ್ರಿಂಗಿನಲ್ಲಿ ಇರುವುದು 0.3136. ಒಂದು ಪೈಸೆಯೂ ಬಾಕಿ ಇಲ್ಲ. ಹಿಗ್ಗು ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. ಮೊದಲ 8 ಸೆಂ.ಮೀ.ಗೆ ಬೇಕಾದದ್ದಕ್ಕಿಂತ ಮುಂದಿನ 8 ಸೆಂ.ಮೀ.ಗೆ ಮೂರು ಪಟ್ಟು ಶಕ್ತಿ ಬೇಕು. ತಟ್ಟನೆ ಬಿಡುವಾಗ ಸ್ಪ್ರಿಂಗಿನ ಮೇಲೆ ಎರಡರಷ್ಟು ಬಲ ಬೀಳುತ್ತದೆ ಅನ್ನುವುದನ್ನೂ ಮರೆಯಬೇಡಿ. ಭಾರದ ಬಿಲ್ಲೆಯನ್ನು ಧೊಪ್ಪನೆ ಬಿಟ್ಟರೆ ಮಿತಿ ದಾಟಿಸುವುದು ಹೀಗೇ.

ಮೊಬೈಲಿನ ಸ್ಲೋ ಮೋಷನ್ ವಿಡಿಯೊದಲ್ಲಿ ನಡುವಿನ ವೇಗ ಅಳೆಯುವವರಿಗೆ ಒಂದು ಮಾತು. ಬರೀ ತೂಕದ ಲೆಕ್ಕದಲ್ಲಿ ಸೆಕೆಂಡಿಗೆ 0.885 ಮೀಟರ್ ಬರಬೇಕು. ವಿಡಿಯೊದಲ್ಲಿ 0.84ರ ಆಸುಪಾಸು ಸಿಗುತ್ತದೆ. ಚಲನ ಶಕ್ತಿಯಲ್ಲಿ ಸ್ಪ್ರಿಂಗಿನ ಆ 20 ಗ್ರಾಂ ಕೂಡ ಪಾಲು ಕೇಳುತ್ತದೆ.

ಬಿಗಿ ಸುತ್ತಿನ ಸ್ಪ್ರಿಂಗ್ ಆದರೆ ಶಕ್ತಿಯ ಸೂತ್ರವನ್ನು ಹಾಗೇ ಹಾಕುವ ಹಾಗಿಲ್ಲ. ಶಕ್ತಿ ಅಂದರೆ ಬಲ-ಹಿಗ್ಗು ಗೆರೆಯ ಕೆಳಗಿನ ಜಾಗ. ಗೆರೆ ಸೊನ್ನೆಯಿಂದ ಹೊರಟರೆ ಅದು ತ್ರಿಕೋನ, ಅದಕ್ಕೇ ಸೂತ್ರದಲ್ಲಿ ಅರ್ಧ ಇರುವುದು. ಆರಂಭಿಕ ಬಿಗಿತ ಇದ್ದರೆ ತ್ರಿಕೋನದ ಕೆಳಗೆ ಒಂದು ಆಯತವೂ ಸೇರುತ್ತದೆ. ಮೊದಲು ಹೇಳಿದ 80 ಗ್ರಾಂ ಬಿಗಿತದ ಸ್ಪ್ರಿಂಗ್ 4.8 ಸೆಂ.ಮೀ. ಹಿಗ್ಗುವಾಗ ತ್ರಿಕೋನ 0.028 ಜೂಲ್, ಆಯತ 0.038. ಒಟ್ಟು 0.066. ಆಯತ ಬಿಟ್ಟರೆ ದೊಡ್ಡ ಪಾಲೇ ಬಿಟ್ಟುಹೋಯಿತು.

ಎರಡು ಸ್ಪ್ರಿಂಗ್, ಹೊಸ ಸ್ಪ್ರಿಂಗ್

ಒಂದೇ ಥರದ ಎರಡನ್ನು ಅಕ್ಕಪಕ್ಕ ಕಟ್ಟಿದರೆ 49, ಒಂದರ ಕೆಳಗೊಂದು ಕಟ್ಟಿದರೆ 12.25 ಬರಬೇಕು. ಅಕ್ಕಪಕ್ಕ ಕಟ್ಟಿದಾಗ ಅಡ್ಡಪಟ್ಟಿ ಓರೆಯಾಗಿದ್ದರೆ ತೂಕ ನಟ್ಟನಡುವೆ ಇಲ್ಲ, ಇಲ್ಲವೇ ಎರಡೂ ಒಂದೇ ಥರದವಲ್ಲ.

ಕಣ್ಣಿಗೆ ಒಂದೇ ಥರ ಕಂಡರೆ ಸಾಲದು. ಕೆ ತಂತಿಯ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ, ಸುತ್ತಿನ ವ್ಯಾಸದ ಘನದ ಲೆಕ್ಕದಲ್ಲಿ ಇಳಿಯುತ್ತದೆ, ಸುತ್ತು ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ. ನಮ್ಮ 24.5ರ ಸ್ಪ್ರಿಂಗನ್ನು ಉಕ್ಕಿನ 1.2 ಮಿ.ಮೀ. ತಂತಿಯಲ್ಲಿ, 2 ಸೆಂ.ಮೀ. ವ್ಯಾಸಕ್ಕೆ, ಸುಮಾರು 106 ಸುತ್ತು ಹಾಕಿ ಮಾಡಬಹುದು. ಅದೇ ಅಳತೆಗೆ 1 ಮಿ.ಮೀ. ತಂತಿ ಹಾಕಿದರೆ ಕೆ 11.8ಕ್ಕೆ ಇಳಿಯುತ್ತದೆ. ದಪ್ಪದಲ್ಲಿ 0.2 ಮಿ.ಮೀ. ವ್ಯತ್ಯಾಸ, ಉತ್ತರದಲ್ಲಿ ಅರ್ಧಕ್ಕರ್ಧ. ತುದಿ ಮುರಿದಿದೆ ಅಂತ ಹತ್ತು ಸುತ್ತು ಕತ್ತರಿಸಿ ಮತ್ತೆ ಕೊಕ್ಕೆ ಮಾಡಿದರೂ ಕೆ ಶೇಕಡಾ 10ರಷ್ಟು ಏರುತ್ತದೆ, ಅರ್ಧಕ್ಕೆ ತುಂಡು ಮಾಡಿದರೆ ಎರಡರಷ್ಟಾಗುತ್ತದೆ. ಲ್ಯಾಬಿನ ಡಬ್ಬಿಯಿಂದ ಹೊಸ ಸ್ಪ್ರಿಂಗ್ ತೆಗೆದುಕೊಂಡು ಹಳೇ ರೆಕಾರ್ಡಿನ ಉತ್ತರಕ್ಕೆ ಹೋಲಿಸುವ ಮೊದಲು ಸ್ಕ್ರೂ ಗೇಜಿನಲ್ಲಿ ತಂತಿಯ ದಪ್ಪ ನೋಡಿ, ಸುತ್ತು ಎಣಿಸಿ, ಎರಡನ್ನೂ ಚೀಟಿಯಲ್ಲಿ ಬರೆದು ಸ್ಪ್ರಿಂಗಿಗೇ ಕಟ್ಟಿಬಿಡಿ. ಮುಂದಿನ ಬ್ಯಾಚಿನವರಿಗೂ ಅನುಕೂಲ.